ಸಾಂಕ್ರಾಮಿಕ ರೋಗಗಳ ಕಣ್ಗಾವಲು ಮತ್ತು ಅಂತರರಾಷ್ಟ್ರೀಯ ಸಹಕಾರ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ

ಸೋಂಕು ಎಲ್ಲಿ, ಯಾರಲ್ಲಿ, ಯಾವಾಗ ಕಾಣಿಸಿಕೊಂಡಿತೆಂಬುದನ್ನು ಬಿಡದೆ ಗಮನಿಸಿ, ಬರೆದಿಟ್ಟು, ಕ್ರಮ ಕೈಗೊಳ್ಳಬಲ್ಲವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಏರ್ಪಾಡಿಗೆ ರೋಗ ಕಣ್ಗಾವಲು ಎಂದು ಹೆಸರು. ಸರ್ಕಾರಿ ಕಡತಗಳಲ್ಲಿ ಇದೇ ಸರ್ವೇಕ್ಷಣೆ. ದೇಶಗಳು ಈ ಸುದ್ದಿಯನ್ನು ಒಂದಕ್ಕೊಂದು ತಿಳಿಸಿಕೊಳ್ಳುವ ಪ್ರಯತ್ನ 1851ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನದಿಂದ ಶುರುವಾಗಿ, 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದದವರೆಗೆ ಬಂದು ನಿಂತಿದೆ. ಈ ಚರಿತ್ರೆಯನ್ನು ಜಿನೀವಾದಲ್ಲಿ ಕೂತು ಬರೆಯುವುದು ರೂಢಿ. ಇಲ್ಲಿ ಅದನ್ನು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡಲಾಗಿದೆ. ಅದಕ್ಕೆ ಕಾರಣವೂ ಇದೆ. ಹೊರದೇಶಗಳ ನೆರವು ಪಡೆದ ಜಿಲ್ಲೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಹೊರದೇಶಗಳ ತಜ್ಞರು ತಮ್ಮ ಅಭಿಪ್ರಾಯ ಬದಲಾಯಿಸಿಕೊಳ್ಳುವಂತೆ ಮಾಡಿದ ಜಿಲ್ಲೆ ತುಮಕೂರು.

ನೆಲ ಮತ್ತು ಗಡಿ

ನಾಲ್ಕೂ ತಾಲ್ಲೂಕುಗಳು ಮಳೆ ಕಡಿಮೆಯ ಬಯಲುಸೀಮೆಗೆ ಸೇರಿದವು. ಕಡಲೆಕಾಯಿ, ರಾಗಿ, ಕುರಿ ಸಾಕಣೆ, ಬತ್ತುವ ಕೆರೆ, ಆಳಕ್ಕಿಳಿದ ಕೊಳವೆಬಾವಿ ಇಲ್ಲಿನ ಬದುಕಿನ ಚಿತ್ರ. ಶಿರಾವನ್ನು ಬೆಂಗಳೂರು-ಪುಣೆ ಹೆದ್ದಾರಿ ಸೀಳಿಕೊಂಡು ಹೋಗುತ್ತದೆ. ಹಗಲಿರುಳು ಲಾರಿ ಓಡಾಟ. ಮಧುಗಿರಿ, ಕೊರಟಗೆರೆಯವರಿಗೆ ಗೌರಿಬಿದನೂರು ಪಕ್ಕದೂರಿದ್ದಂತೆ. ಪಾವಗಡದ ಸ್ಥಿತಿಯೇ ಬೇರೆ. ಆ ತಾಲ್ಲೂಕನ್ನು ಆಂಧ್ರಪ್ರದೇಶ ಬಹುತೇಕ ಸುತ್ತುವರಿದಿದೆ. ಮಧುಗಿರಿಯಿಂದ ಅಲ್ಲಿಗೆ ಹೋಗುವ ಬಸ್ಸು ನಡುವೆ ಆಂಧ್ರದ ನೆಲವನ್ನು ಹಾದೇ ಹೋಗಬೇಕು. ಹಿಂದೂಪುರ, ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗಗಳೊಂದಿಗೆ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲದರ ವ್ಯವಹಾರವಿದೆ. ಪಾವಗಡದಲ್ಲಿ ತೆಲುಗು, ಮಡಕಶಿರಾದಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಎಷ್ಟೋ. ಬರ ಬಂದ ವರ್ಷ ಕೂಲಿಗೆಂದು ಬೆಂಗಳೂರಿಗೆ ಹೋದವರು ಹಬ್ಬಕ್ಕೆ ಊರಿಗೆ ಮರಳುತ್ತಾರೆ. ಇಂಥ ಓಡಾಟದ ಜೊತೆಗೇ ಜ್ವರವೂ ಓಡಾಡುತ್ತದೆ, ಅದರ ಸುದ್ದಿ ಮಾತ್ರ ಆಡಳಿತದ ಗಡಿಯ ಬಳಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ಲೇಗಿನ ಕಾಲ

ಹತ್ತೊಂಬತ್ತನೆಯ ಶತಮಾನದ ಸಮ್ಮೇಳನಗಳಲ್ಲಿ ಭಾರತ ಆರೋಪಿಯ ಸ್ಥಾನದಲ್ಲಿತ್ತು. ಕಾಲರಾ ಗಂಗೆಯ ಬಯಲಿನಿಂದ ಹೊರಡುತ್ತದೆಂದು 1866ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನ ತೀರ್ಮಾನಿಸಿತು. ಹಡಗುಗಳನ್ನು ತಡೆದು ನಿಲ್ಲಿಸುವ ನಿಯಮಕ್ಕೆ ಬ್ರಿಟಿಷರು ಮಾತ್ರ ಒಪ್ಪಲೊಲ್ಲರು. ವ್ಯಾಪಾರ ಕೆಡುತ್ತದೆಂಬ ಭಯ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದ ಪ್ಲೇಗು 1896ರಲ್ಲಿ ಮುಂಬಯಿಗೆ ಬಂದಾಗ ಈ ಮೊಂಡುತನ ನಡೆಯಲಿಲ್ಲ. 1897ರಲ್ಲಿ ವೆನಿಸ್‌ನಲ್ಲಿ ಪ್ಲೇಗಿಗೆಂದೇ ಸಮ್ಮೇಳನ ಸೇರಿತು. ಅದೇ ವರ್ಷದ ಜನವರಿಯಲ್ಲಿ, ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಕೆಲಸ ಕಲಿತಿದ್ದ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ.

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಕಥೆಯನ್ನು ಹಳೆಯ ಮೈಸೂರಿನ ಯಾವ ಹಳ್ಳಿಯ ಹಿರಿಯರಾದರೂ ತಮ್ಮ ಹಿರಿಯರಿಂದ ಕೇಳಿರುತ್ತಾರೆ. ಇಲಿ ಸತ್ತು ಬಿದ್ದರೆ ಮನೆ ಖಾಲಿ ಮಾಡಬೇಕೆಂಬುದನ್ನು ಜನ ಯಾವ ಸುತ್ತೋಲೆಗೂ ಕಾಯದೆ ಕಲಿತರು. ಅದು ಒಪ್ಪತಕ್ಕ ಕಣ್ಗಾವಲೇ. 1994ರ ಸೂರತ್ ಪ್ಲೇಗಿಗೆ ಮುನ್ನ ದೇಶದ ಕೊನೆಯ ಖಚಿತ ಮಾನವ ಪ್ರಕರಣ ವರದಿಯಾದದ್ದು 1966ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಆ ಭಾಗದ ಇಲಿ, ಚಿಗಟಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಘಟಕ ಬೆಂಗಳೂರಿನಲ್ಲಿದೆ.

ಶಿರಾಕ್ಕೆ ತಗುಲಿಕೊಂಡಿರುವ ಹಿರಿಯೂರಿನಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಿತು. ಮೂಡಿಗೆರೆ, ನಾಗೇನಹಳ್ಳಿಗಳಲ್ಲೂ ಇಂಥವೇ ಕೇಂದ್ರಗಳಿದ್ದವು. ಪ್ರತಿಷ್ಠಾನದ ಡಾ. ಸ್ವೀಟ್ ಮತ್ತು ಮೈಸೂರಿನ ಬಿ. ಎ. ರಾವ್ ಸೇರಿ ಯಾವ ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ, ಯಾವುದು ಮಲೇರಿಯಾ ಹೊರುತ್ತದೆ ಎಂದು ಪಟ್ಟಿ ಮಾಡಿದರು. ವಾಣಿವಿಲಾಸ ಸಾಗರದ ನಾಲೆ ನೀರು ಹರಿದಲ್ಲೆಲ್ಲ ಮಲೇರಿಯಾ ಹಿಂಬಾಲಿಸಿತ್ತು. ಅಭಿವೃದ್ಧಿಯ ಲೆಕ್ಕದಲ್ಲಿ ರೋಗವನ್ನೂ ಸೇರಿಸಬೇಕೆಂಬ ಅರಿವು ಸಂಸ್ಥಾನಕ್ಕೆ ಅಷ್ಟು ಬೇಗ ಮೂಡಿದ್ದು ಮೆಚ್ಚತಕ್ಕ ಸಂಗತಿ.

ತುಮಕೂರು ಕ್ಷಯ ಸಮೀಕ್ಷೆ

ಸ್ವಾತಂತ್ರ್ಯ ಬಂದಾಗ ಕ್ಷಯ ಪಟ್ಟಣದ ರೋಗವೆಂದೇ ಹೆಚ್ಚಿನವರ ನಂಬಿಕೆ. ಹೊಗೆ, ಇಕ್ಕಟ್ಟು, ಗಿರಣಿ ಇರುವ ಕಡೆ ಅದು ಹೆಚ್ಚು, ಹಳ್ಳಿಯ ಗಾಳಿಯಲ್ಲಿ ಕಡಿಮೆ ಎಂಬ ಊಹೆ ಯುರೋಪಿನ ಅನುಭವದಿಂದ ಬಂದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ಊಹೆಯನ್ನು ಮುರಿಯಿತು: ಹಳ್ಳಿಯಲ್ಲೂ ಕ್ಷಯ ಪಟ್ಟಣದಷ್ಟೇ ಇತ್ತು. ರೋಗಿಗಳಲ್ಲಿ ಬಹುಪಾಲು ಜನ ಹಳ್ಳಿಗರು, ಆಸ್ಪತ್ರೆಗಳು ಪಟ್ಟಣದಲ್ಲಿ. ಸ್ಯಾನಟೋರಿಯಂ ಕಟ್ಟಿ ಮುಗಿಸುವ ಮಾತಲ್ಲ ಇದು ಎಂದು ಯಾರಿಗಾದರೂ ಅರ್ಥವಾಗುವಂತಿತ್ತು.

ಹೊಸ ದಾರಿ ಹುಡುಕುವ ಕೆಲಸಕ್ಕೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮೈಸೂರು ಮಹಾರಾಜರಿಗೆ ಸೇರಿದ್ದ ಅವಲಾನ್ ಬಂಗಲೆಯಲ್ಲಿ 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಭಾರತ ಸರ್ಕಾರದ ಸಂಸ್ಥೆ. ತಜ್ಞರನ್ನು ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ, ಉಪಕರಣ ಕೊಟ್ಟದ್ದು ಯುನಿಸೆಫ್. ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ 1951ರಿಂದಲೇ ಭಾರತದ ಬಿಸಿಜಿ ಅಭಿಯಾನದಲ್ಲಿದ್ದವರು. ಸಂಸ್ಥೆಯನ್ನು ಕಟ್ಟುವಲ್ಲಿ ಅವರ ಪಾತ್ರ ದೊಡ್ಡದು. ಸ್ಟಿಗ್ ಆಂಡರ್ಸನ್, ಆಂಟನ್ ಗೇಸರ್ ಮೊದಲಾದವರು ರಾಜ್ ನಾರಾಯಣ್, ಡಾ. ದೇಬಬರ್ ಬ್ಯಾನರ್ಜಿಯವರಂಥ ಭಾರತೀಯರ ಪಕ್ಕದ ಮೇಜಿನಲ್ಲಿ ಕೂತರು. ಬ್ಯಾನರ್ಜಿ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಕೇಂದ್ರವನ್ನು ಬೆಳೆಸಿದರು. ಅವರು ವೈದ್ಯರೂ ಹೌದು, ಸಮಾಜವನ್ನು ಓದಬಲ್ಲವರೂ ಹೌದು.

ಸಂಸ್ಥೆ ಮೊದಲಿಗೆ ಆರಿಸಿಕೊಂಡ ಅಧ್ಯಯನ ಕ್ಷೇತ್ರಗಳಲ್ಲಿ ತುಮಕೂರು ಜಿಲ್ಲೆ ಮುಖ್ಯವಾದದ್ದು. 1960-61ರಲ್ಲಿ ಜಿಲ್ಲೆಯ ಹಳ್ಳಿ, ಪಟ್ಟಣಗಳಿಂದ ಚೀಟಿ ಎತ್ತಿದ ಹಾಗೆ ಮಾದರಿಗಳನ್ನು ಆಯ್ದು ಸಮೀಕ್ಷೆ ನಡೆಯಿತು. ಮೊದಲು ಮನೆ ಮನೆಗೆ ಹೋಗಿ ಜನಗಣತಿ. ಆಮೇಲೆ ಮುಂಗೈಗೆ ಟ್ಯುಬರ್‌ಕ್ಯುಲಿನ್ ಚುಚ್ಚಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಬಂದು, ಎದ್ದ ಗಡುಸನ್ನು ಮಿಲಿಮೀಟರ್‌ಗಳಲ್ಲಿ ಅಳೆಯುವುದು. ಆ ಔಷಧಿ ಕೋಪನ್‌ಹೇಗನ್‌ನ ಪ್ರಯೋಗಾಲಯದಿಂದ ಬಂದದ್ದು. ಜಗತ್ತಿನಲ್ಲೆಲ್ಲ ಒಂದೇ ದ್ರಾವಣ ಬಳಸಿದರೆ ಮಾತ್ರ ಒಂದು ದೇಶದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬಹುದು. ವ್ಯಾನಿನಲ್ಲಿ ಬಂದ ಎಕ್ಸ್-ರೇ ಯಂತ್ರದ ಮುಂದೆ ಸಣ್ಣ ಫಿಲ್ಮಿನಲ್ಲಿ ಎದೆಯ ಚಿತ್ರ. ಚಿತ್ರದಲ್ಲಿ ಕಲೆ ಕಂಡವರಿಂದ ಕಫ ಪಡೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಬೆಳೆಸಿ ಖಚಿತಪಡಿಸುವುದು. ಸಾವಿರ ಜನಕ್ಕೆ ಸುಮಾರು ನಾಲ್ವರ ಕಫದಲ್ಲಿ ರೋಗಾಣು ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಇದು ಅಂಕಿಅಂಶಗಳ ಇನ್ನೊಂದು ಕಡತವಾಗುತ್ತಿತ್ತು. ಬ್ಯಾನರ್ಜಿ ಮತ್ತು ಆಂಡರ್ಸನ್ ಮುಂದಿನ ಪ್ರಶ್ನೆ ಎತ್ತಿದರು: ಈ ರೋಗಿಗಳಿಗೆ ತಮಗೆ ಕಾಯಿಲೆಯೆಂದು ಗೊತ್ತಿದೆಯೇ? ಅಂದಿನ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿತ್ತು. ಹಳ್ಳಿಯವರು ಅಜ್ಞಾನಿಗಳು, ರೋಗ ಮುಚ್ಚಿಡುತ್ತಾರೆ, ದೇವರು-ಮಂತ್ರ ಎನ್ನುತ್ತಾರೆ, ಆದ್ದರಿಂದ ಎಕ್ಸ್-ರೇ ವ್ಯಾನು ಊರೂರಿಗೆ ಹೋಗಿ ಅವರನ್ನು ಹುಡುಕಿ ತೆಗೆಯಬೇಕು. ಇದನ್ನು ಪರೀಕ್ಷಿಸಲು ಎಕ್ಸ್-ರೇಯಲ್ಲಿ ಕಲೆ ಇದ್ದವರನ್ನೂ, ಅದೇ ಊರಿನ, ಅದೇ ವಯಸ್ಸಿನ, ಅದೇ ಲಿಂಗದ, ಕಲೆ ಇಲ್ಲದವರನ್ನೂ ಜೋಡಿ ಮಾಡಿದರು. ಪ್ರಶ್ನೆ ಕೇಳಲು ಹೋದವರಿಗೆ ಯಾರು ರೋಗಿ, ಯಾರಲ್ಲ ಎಂಬುದು ಗೊತ್ತಿರಲಿಲ್ಲ. ಕೆಮ್ಮಿದೆಯೇ ಎಂದು ನೇರವಾಗಿ ಕೇಳದೆ, ಮೈ ಹೇಗಿದೆ ಎಂದು ಮಾತು ತೆಗೆಯಬೇಕೆಂಬ ಕಟ್ಟಳೆ.

ಬಂದ ಫಲಿತಾಂಶ ಪಂಡಿತರನ್ನು ಬೆಚ್ಚಿಬೀಳಿಸಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆಯೆಂಬ ಅರಿವಿತ್ತು. ಬಹುಪಾಲು ಜನ ಅದಕ್ಕಾಗಿ ಚಿಂತಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿಬಂದಿದ್ದರು. ಹೋದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ನೋಡಿದವರು ಯಾರೂ ಇಲ್ಲ. ರೋಗಿ ತನ್ನ ಪಾಲಿನ ಕೆಲಸ ಮುಗಿಸಿದ್ದ. ಆಸ್ಪತ್ರೆ ಅವನನ್ನು ಗುರುತಿಸಿರಲಿಲ್ಲ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಈ ಅಧ್ಯಯನ ಇವತ್ತಿಗೂ ಕ್ಷಯ ನಿಯಂತ್ರಣದ ಪಠ್ಯಗಳಲ್ಲಿ ಉಲ್ಲೇಖವಾಗುತ್ತದೆ. ಈ ಲೇಖಕನ ಮಟ್ಟಿಗೆ ಕರ್ನಾಟಕದ ನೆಲದಲ್ಲಿ ನಡೆದ ಸಾರ್ವಜನಿಕ ಆರೋಗ್ಯ ಸಂಶೋಧನೆಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೂರ ಹೋದದ್ದು ಇನ್ನೊಂದಿಲ್ಲ. ತುಮಕೂರಿನಲ್ಲಿ ಅದನ್ನು ನೆನೆಯುವ ಒಂದು ಫಲಕವಾದರೂ ಇರಬೇಕಿತ್ತು.

ಈ ಅಧ್ಯಯನದ ಪರಿಣಾಮವಾಗಿ ಯೋಜನೆ ತಲೆಕೆಳಗಾಯಿತು. ವ್ಯಾನು ಹಳ್ಳಿಗೆ ಹೋಗುವ ಬದಲು, ಕೆಮ್ಮಿಕೊಂಡು ಆಸ್ಪತ್ರೆಗೆ ಬಂದವರ ಕಫವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬೇಕು. ಬೇರೆ ಕ್ಷಯ ಆಸ್ಪತ್ರೆ ಬೇಡ, ಇರುವ ಆರೋಗ್ಯ ವ್ಯವಸ್ಥೆಯೇ ಸಾಕು. ಇದಕ್ಕೆ ಪೂರಕವಾದ ಸಾಕ್ಷ್ಯ ಮದ್ರಾಸಿನಲ್ಲಿ ಸಿದ್ಧವಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ಮಂಡಳಿ ಸೇರಿ 1956ರಲ್ಲಿ ಅಲ್ಲಿ ತೆರೆದ ಕೇಂದ್ರ, ಮನೆಯಲ್ಲೇ ಮಾತ್ರೆ ತೆಗೆದುಕೊಂಡವರು ಸ್ಯಾನಟೋರಿಯಂನಲ್ಲಿ ಮಲಗಿದವರಷ್ಟೇ ಗುಣವಾಗುತ್ತಾರೆಂದು 1959ರಲ್ಲಿ ತೋರಿಸಿತ್ತು. ಎರಡನ್ನೂ ಹೊಂದಿಸಿ ರೂಪಿಸಿದ ಜಿಲ್ಲಾ ಕ್ಷಯ ಕಾರ್ಯಕ್ರಮದ ಮಾದರಿ ಪಾವಗಡದ ಸೆರಗಿನಲ್ಲೇ ಇರುವ ಅನಂತಪುರ ಜಿಲ್ಲೆಯಲ್ಲಿ ಮೊದಲು ಜಾರಿಗೆ ಬಂತು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಮಾಹ್ಲರ್ ಜಿನೀವಾಕ್ಕೆ ಹೋಗಿ ಕ್ಷಯ ವಿಭಾಗದ ಮುಖ್ಯಸ್ಥರಾದರು, 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. 1978ರ ಆಲ್ಮಾ-ಆಟಾ ಘೋಷಣೆಯ ಪ್ರಾಥಮಿಕ ಆರೋಗ್ಯದ ಕಲ್ಪನೆಯ ಹಿಂದೆ ಅವರ ಬೆಂಗಳೂರಿನ ವರ್ಷಗಳ ಅನುಭವವೂ ಇತ್ತು.

ಆದರೆ ಕಾಗದದ ಮೇಲೆ ಚೆನ್ನಾಗಿದ್ದ ಕಾರ್ಯಕ್ರಮ ಊರಿನಲ್ಲಿ ಕುಂಟಿತು. ಮಾತ್ರೆ ಸಿಗದ ತಿಂಗಳು, ಸೂಕ್ಷ್ಮದರ್ಶಕವಿದ್ದರೂ ನೋಡುವವರಿಲ್ಲದ ಕೇಂದ್ರ, ಅರ್ಧಕ್ಕೆ ಚಿಕಿತ್ಸೆ ಬಿಟ್ಟ ರೋಗಿ. 1993ರಿಂದ ಪ್ರಯೋಗ ನಡೆದು 1997ರಲ್ಲಿ ವಿಸ್ತರಣೆಯಾದ ಪರಿಷ್ಕೃತ ಕಾರ್ಯಕ್ರಮಕ್ಕೆ ವಿಶ್ವಬ್ಯಾಂಕ್ ಸಾಲ ಬಂತು, ಡೆನ್ಮಾರ್ಕ್ ಮತ್ತು ಬ್ರಿಟನ್ ನೆರವಾದವು, ಮುಂದೆ ಗ್ಲೋಬಲ್ ಫಂಡ್ ಕೈಜೋಡಿಸಿತು. ಕಾರ್ಯಕರ್ತೆಯ ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿ ಆಗ ಬಂದದ್ದು. 2012ರ ಮೇ ತಿಂಗಳಿಂದ ಖಾಸಗಿ ವೈದ್ಯರೂ ಕ್ಷಯರೋಗಿಯ ವಿವರ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅದಕ್ಕೆ ನಿಕ್ಷಯ್ ಎಂಬ ಜಾಲತಾಣ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಕ್ಷಯ ಪತ್ತೆ ಮಾಡುವ ಟ್ರೂನ್ಯಾಟ್ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ದೊರೆತು, ಅದು ಬೇರೆ ದೇಶಗಳಿಗೂ ಹೋಗುತ್ತಿದೆ. ಅರವತ್ತು ವರ್ಷದ ಹಿಂದೆ ಕೋಪನ್‌ಹೇಗನ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸಾಮಗ್ರಿಯ ದಾರಿ ಈಗ ತಿರುಗಿದೆ.

ಪಾವಗಡದ ವಿಷಯದಲ್ಲಿ ಶ್ರೀರಾಮಕೃಷ್ಣ ಸೇವಾಶ್ರಮವನ್ನು ಹೆಸರಿಸಬೇಕು. ಸ್ವಾಮಿ ಜಪಾನಂದರ ನೇತೃತ್ವದ ಈ ಸಂಸ್ಥೆ ಸರ್ಕಾರಿ ವ್ಯವಸ್ಥೆ ತೆಳುವಾಗಿದ್ದ ಗಡಿ ತಾಲ್ಲೂಕಿನಲ್ಲಿ ಕುಷ್ಠ ಮತ್ತು ಕ್ಷಯ ರೋಗಿಗಳ ಪತ್ತೆ, ಚಿಕಿತ್ಸೆಯನ್ನು ಕೈಗೆತ್ತಿಕೊಂಡಿತು. ಕುಷ್ಠಕ್ಕೆ ಕೊಡುವ ಬಹುಔಷಧಿ ಚಿಕಿತ್ಸೆಯನ್ನು 1982ರಲ್ಲಿ ಶಿಫಾರಸು ಮಾಡಿದ್ದೂ, ಈಗ ಆ ಔಷಧಿಯನ್ನು ಉಚಿತವಾಗಿ ಹಂಚುವುದೂ ವಿಶ್ವ ಆರೋಗ್ಯ ಸಂಸ್ಥೆಯೇ.

ಗೆದ್ದ ರೋಗಗಳು

ಸಿಡುಬಿನ ನಿರ್ಮೂಲನೆ ಅಂತರರಾಷ್ಟ್ರೀಯ ಸಹಕಾರದ ಅತಿ ದೊಡ್ಡ ಗೆಲುವು. ಅದರ ಕೊನೆಯ ಕದನಗಳು ನಡೆದದ್ದು ಬಿಹಾರ, ಉತ್ತರ ಪ್ರದೇಶಗಳಲ್ಲಿ. ದಕ್ಷಿಣ ಅಷ್ಟರೊಳಗೆ ಬಹುತೇಕ ಪಾರಾಗಿತ್ತು. ದೇಶದ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. ಆಮೇಲೂ ಎರಡು ವರ್ಷ ಸಿಡುಬು ತೋರಿಸಿಕೊಟ್ಟವರಿಗೆ ಬಹುಮಾನ ಸಾರುತ್ತ ಮನೆಮನೆ ತಡಕಾಡಿದ ನಂತರವೇ, 1977ರಲ್ಲಿ, ಅಂತರರಾಷ್ಟ್ರೀಯ ಆಯೋಗ ಪ್ರಮಾಣಪತ್ರ ಕೊಟ್ಟಿತು. ಮೆಟ್ಟಿಲುಬಾವಿಯ ನೀರಿನಿಂದ ಬರುತ್ತಿದ್ದ ನಾರುಹುಣ್ಣಿನಿಂದ ಭಾರತ 2000ದಲ್ಲಿ ಮುಕ್ತವೆನಿಸಿತು.

ಪೋಲಿಯೊದ್ದು ಇನ್ನೂ ಶಿಸ್ತಿನ ಕೆಲಸ. ಭಾನುವಾರದ ಪಲ್ಸ್ ಪೋಲಿಯೊ ಬೂತು ಎಲ್ಲರಿಗೂ ಗೊತ್ತು. ಅದರ ಹಿಂದಿನ ಕಣ್ಗಾವಲು ಗೊತ್ತಿರುವವರು ಕಡಿಮೆ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತರೂ, ಕಾರಣ ಏನೇ ಇರಲಿ, ಅದು ವರದಿಯಾಗಬೇಕು. ಲಕ್ಷಣ ಕಂಡ 14 ದಿನದೊಳಗೆ, ಕನಿಷ್ಠ ಒಂದು ದಿನದ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಬೆಂಗಳೂರಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ ಈ ಜಾಗತಿಕ ಜಾಲದ ಒಂದು ಪ್ರಯೋಗಾಲಯ. ರೋಗವಿಲ್ಲದ ಊರಿನಿಂದಲೂ ಇಂತಿಷ್ಟು ವರದಿ ಬರಲೇಬೇಕೆಂಬುದು ಇದರ ಜಾಣತನ: ಸೋತ ಕಾಲಿನ ಸುದ್ದಿಯೇ ಬಾರದ ಜಿಲ್ಲೆ ಆರೋಗ್ಯವಾಗಿಲ್ಲ, ನಿದ್ದೆ ಮಾಡುತ್ತಿದೆ ಎಂದರ್ಥ. 2011ರ ಜನವರಿ 13ರಂದು ಹೌರಾದಲ್ಲಿ ಕೊನೆಯ ಪ್ರಕರಣ ಕಂಡಿತು. 2014ರ ಮಾರ್ಚ್ 27ರಂದು ಭಾರತ ಸೇರಿದಂತೆ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಣೆಯಾಯಿತು.

2006ರ ಚಿಕುನ್‌ಗುನ್ಯಾ

ಸುದ್ದಿ ದೂರದಲ್ಲಿ ಇತ್ತು, ಹತ್ತಿರಕ್ಕೆ ಬರಲಿಲ್ಲ ಎಂಬುದಕ್ಕೆ ಚಿಕುನ್‌ಗುನ್ಯಾ ಉದಾಹರಣೆ. 2004ರಲ್ಲಿ ಕೀನ್ಯಾದ ಕರಾವಳಿಯ ಲಾಮುವಿನಲ್ಲಿ ಜ್ವರ ಎದ್ದಿತು. 2005ರಲ್ಲಿ ಕೊಮೊರೊಸ್ ದ್ವೀಪಗಳಿಗೆ, ಅಲ್ಲಿಂದ ಫ್ರಾನ್ಸಿನ ಆಡಳಿತದ ರೆಯೂನಿಯನ್ ದ್ವೀಪಕ್ಕೆ ದಾಟಿ ಅಲ್ಲಿಯ ಜನಸಂಖ್ಯೆಯ ಮೂರನೇ ಒಂದು ಭಾಗವನ್ನು ಮಲಗಿಸಿತು. ಫ್ರೆಂಚ್ ವಿಜ್ಞಾನಿಗಳು ವೈರಾಣುವಿನ ವಂಶಾವಳಿಯನ್ನೆಲ್ಲ ಬಿಡಿಸಿಟ್ಟರು. 2005ರ ಕೊನೆಗೆ ಅದು ಆಂಧ್ರದಲ್ಲಿತ್ತು, ಕೆಲವೇ ವಾರಗಳಲ್ಲಿ ಕರ್ನಾಟಕದಲ್ಲಿ. ಭಾರತ ಈ ರೋಗವನ್ನು ಮರೆತು ಮೂರು ದಶಕವಾಗಿತ್ತು. ಕೊನೆಯ ಹಾವಳಿ 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ. ಈ ಬಾರಿಯದು ಹಳೆಯ ಏಷ್ಯಾದ ತಳಿಯಲ್ಲ, ಆಫ್ರಿಕಾದ ತಳಿ ಎಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2006ರಲ್ಲೇ ಖಚಿತಪಡಿಸಿತು. ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಕರ್ನಾಟಕದವೂ ಇದ್ದವು.

ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕವೊಂದರಲ್ಲೇ. ತುಮಕೂರು ಜಿಲ್ಲೆಗೂ ಜೋರಾಗಿಯೇ ತಟ್ಟಿತು. ನಿಂತ ಕೆಸರಿನಲ್ಲಿ ಹುಟ್ಟುವ ಸೊಳ್ಳೆ ಇದಕ್ಕೆ ಕಾರಣವಲ್ಲ. ಈಡಿಸ್ ಸೊಳ್ಳೆಗೆ ಬೇಕಾದದ್ದು ತಿಳಿನೀರು. ನಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಬರುವ ಊರಿನಲ್ಲಿ ಡ್ರಮ್ಮು, ಕೊಳಗ, ಸಿಮೆಂಟಿನ ತೊಟ್ಟಿ ತುಂಬಿಡದೆ ಗತಿಯಿಲ್ಲ. ಬರದ ನಾಡೇ ಈ ಸೊಳ್ಳೆಗೆ ಹೇಳಿಮಾಡಿಸಿದ ಮನೆ. ನೀರು ಚೆಲ್ಲಿ ಎಂದು ಕರಪತ್ರ ಹಂಚುವವರು ಪಾವಗಡದ ಬೇಸಿಗೆಯನ್ನು ಕಂಡವರಲ್ಲ. ಕುಡಿಯುವ ನೀರಿನ ಸರಬರಾಜು ನಿಯಮಿತವಾದ ಹೊರತು ಈ ಭಾಗದಲ್ಲಿ ಡೆಂಗಿಯೂ ಚಿಕುನ್‌ಗುನ್ಯಾವೂ ತೊಲಗಲಾರವು.

ಸರ್ಕಾರದ ಲೆಕ್ಕದಲ್ಲಿ ಆ ವರ್ಷ ಚಿಕುನ್‌ಗುನ್ಯಾದಿಂದ ಯಾರೂ ಸಾಯಲಿಲ್ಲ. ರೆಯೂನಿಯನ್‌ನಲ್ಲಿ ಸತ್ತಿದ್ದರು. ಅಹಮದಾಬಾದಿನ ಮರಣ ದಾಖಲೆಗಳನ್ನು ಕೆದಕಿದ ಸಂಶೋಧಕರು ಹಾವಳಿಯ ತಿಂಗಳುಗಳಲ್ಲಿ ಸಾವು ಮಾಮೂಲಿಗಿಂತ ಬಹಳ ಹೆಚ್ಚಿದ್ದನ್ನು 2008ರಲ್ಲಿ ತೋರಿಸಿದರು. ಹಳ್ಳಿಯಲ್ಲಿ ಮುದುಕರು ಸತ್ತರೆ ವಯಸ್ಸಾಗಿತ್ತು ಎನ್ನುವ ನಾಡಿನಲ್ಲಿ, ಮರಣದ ಕಾರಣ ಬರೆಯದ ಹೊರತು ಕಣ್ಗಾವಲು ಒಕ್ಕಣ್ಣಿನದೇ.

ವಾರದ ವರದಿ

1994ರ ಪ್ಲೇಗಿನ ಗಾಬರಿಯಿಂದ ಪಾಠ ಕಲಿತ ಭಾರತ, 2004ರ ನವೆಂಬರಿನಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಸಮಗ್ರ ರೋಗಗಳ ಕಣ್ಗಾವಲು ಯೋಜನೆ ಆರಂಭಿಸಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉಪಕೇಂದ್ರದ ಆರೋಗ್ಯ ಸಹಾಯಕಿ ಲಕ್ಷಣಗಳನ್ನು, ವೈದ್ಯರು ತಮ್ಮ ಅಂದಾಜಿನ ರೋಗವನ್ನು, ಪ್ರಯೋಗಾಲಯ ಖಚಿತವಾದದ್ದನ್ನು ಬೇರೆ ಬೇರೆ ನಮೂನೆಗಳಲ್ಲಿ ವಾರಕ್ಕೊಮ್ಮೆ ತುಂಬುತ್ತಿದ್ದರು. ತಾಲ್ಲೂಕು ಆರೋಗ್ಯಾಧಿಕಾರಿ, ತುಮಕೂರಿನ ಜಿಲ್ಲಾ ಸರ್ವೇಕ್ಷಣಾಧಿಕಾರಿ, ಬೆಂಗಳೂರು, ಕೊನೆಗೆ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ, ಹೀಗೆ ವರದಿ ಮೇಲೇರುತ್ತದೆ. 2018ರ ನವೆಂಬರಿನಲ್ಲಿ ಏಳು ರಾಜ್ಯಗಳಲ್ಲಿ ಪ್ರಯೋಗಕ್ಕಿಟ್ಟ ಗಣಕ ವ್ಯವಸ್ಥೆ ಕರ್ನಾಟಕದಲ್ಲೂ ಬಂತು. ಈಗ ಕಾಗದದ ಬದಲು ಮೊಬೈಲು, ಟ್ಯಾಬ್.

2007ರ ಜೂನ್ 15ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ, ಗಡಿ ದಾಟಬಲ್ಲ ಅಪಾಯವೆಂದು ನಿರ್ಣಯಿಸಿದ ಘಟನೆಯನ್ನು 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಭಾರತದ ಪರವಾಗಿ ತಿಳಿಸುವುದು ದೆಹಲಿಯ ಅದೇ ಕೇಂದ್ರ. ಅಂದರೆ ಕೊರಟಗೆರೆಯ ಉಪಕೇಂದ್ರಕ್ಕೂ ಜಿನೀವಾಕ್ಕೂ ನಡುವೆ ಇರುವುದು ನಾಲ್ಕೈದು ಮೆಟ್ಟಿಲು ಮಾತ್ರ. ಏಣಿ ಚೆನ್ನಾಗಿದೆ, ಹತ್ತಿದ ಸುದ್ದಿ ಇಳಿದು ಬರುವುದು ಅಪರೂಪ. ಅಂಕಿ ತುಂಬಿದ ಸಹಾಯಕಿಗೆ ತನ್ನ ಅಂಕಿ ಏನು ಹೇಳಿತೆಂದು ತಿಳಿಸುವವರಿಲ್ಲ.

2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ನಂತರ ವಾಂತಿ-ಭೇದಿ ಹರಡಿ ಸಾವುಗಳಾದವು; ಕಲುಷಿತ ನೀರಿನ ಬಗ್ಗೆ ತನಿಖೆ ನಡೆಯಿತು. ಊರಲ್ಲಿ ತಾತ್ಕಾಲಿಕ ಚಿಕಿತ್ಸಾ ಶಿಬಿರ, ನೀರಿನ ಮಾದರಿ, ಟ್ಯಾಂಕರ್ ಎಲ್ಲವೂ ಬಂದವು. ಇಂಥ ಕಡೆ ಜೀವ ಉಳಿಸುವ ಓಆರ್‌ಎಸ್ ಪುಡಿಯನ್ನು 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ದೊಡ್ಡ ಪ್ರಮಾಣದಲ್ಲಿ ಬಳಸಿ ತೋರಿಸಿದ್ದು, ಢಾಕಾದ ಕಾಲರಾ ಪ್ರಯೋಗಾಲಯ ಅದರ ಅಳತೆ ಕಂಡುಕೊಂಡದ್ದು ಎಲ್ಲವೂ ಅಂತರರಾಷ್ಟ್ರೀಯ ಸಹಕಾರದ ಫಲವೇ. ಜಾತ್ರೆಗೆ ಮುನ್ನ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಕ್ಲೋರಿನ್ ಹಾಕಿ ಪರೀಕ್ಷಿಸಲು ಮಾತ್ರ ಯಾವ ದೇಶದ ಸಹಕಾರವೂ ಬೇಕಿಲ್ಲ. ಅದು ಪಂಚಾಯಿತಿಯ ಕೆಲಸ.

ಕುರಿ, ದನ, ಹಕ್ಕಿ

ಜಾನುವಾರುಗಳನ್ನು ಬಿಟ್ಟು ಶಿರಾ, ಪಾವಗಡಗಳ ರೋಗಚರಿತ್ರೆ ಬರೆಯಲಾಗದು. ದನಗಳ ದೊಡ್ಡರೋಗ ಊರಿಗೆ ಊರನ್ನೇ ಖಾಲಿ ಮಾಡುತ್ತಿತ್ತು. ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ರೂಪಿಸಿದ ಲಸಿಕೆ, ಯುರೋಪಿನ ಒಕ್ಕೂಟದ ಹಣ, ಹೆಬ್ಬಾಳದಂಥ ಕಡೆಗಳ ಲಸಿಕಾ ತಯಾರಿಕೆ ಎಲ್ಲ ಸೇರಿ ಭಾರತ 2006ರಲ್ಲಿ, ಜಗತ್ತು 2011ರಲ್ಲಿ ಅದರಿಂದ ಮುಕ್ತವಾಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ರೋಗ ಇದೊಂದೇ. ಈಗ ಕುರಿ-ಮೇಕೆಗಳ ಪಿಪಿಆರ್ ರೋಗವನ್ನು 2030ರೊಳಗೆ ತೊಲಗಿಸುವ ಜಾಗತಿಕ ಗುರಿಯಿದೆ. ಈ ಭಾಗದ ಕುರಿಗಾರರಿಗೆ ಅದೂ, ಮನುಷ್ಯರಿಗೂ ಅಂಟುವ ನೆರಡಿಯೂ ಹೊಸದಲ್ಲ. ಮೇವು ಹುಡುಕಿ ರಾಜ್ಯದ ಗಡಿ ದಾಟುವ ಹಿಂಡಿಗೆ ಎರಡೂ ಕಡೆ ಒಂದೇ ಹೊತ್ತಿಗೆ ಲಸಿಕೆ ಬೀಳದಿದ್ದರೆ ಹಾಕಿದ್ದೂ ದಂಡ. 2025ರ ಫೆಬ್ರವರಿಯ ಕೊನೆಯಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಂಡು ಕೋಳಿಗಳನ್ನು ಕೊಲ್ಲಬೇಕಾಯಿತು.

ಕೋವಿಡ್ ಮತ್ತು ಅದರಾಚೆ

2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿಯೆಂದು ಸಾರಿತು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 27ರಂದು, ದೇಶದೊಳಗೇ ರೈಲಿನಲ್ಲಿ ಓಡಾಡಿ ಬಂದಿದ್ದ ಶಿರಾದ ಹಿರಿಯರೊಬ್ಬರು ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ರಾಜ್ಯದಲ್ಲಿ ಅದು ಮೂರನೆಯ ಸಾವು. ವಿದೇಶಕ್ಕೆ ಹೋಗಿಬಂದವರನ್ನಷ್ಟೇ ವಿಮಾನ ನಿಲ್ದಾಣದಲ್ಲಿ ತಡೆದು ನೋಡುತ್ತಿದ್ದ ವ್ಯವಸ್ಥೆಗೆ, ರೋಗ ದೇಶದೊಳಗಿನ ರೈಲಿನಲ್ಲೂ ಓಡಾಡುತ್ತಿದೆಯೆಂದು ತೋರಿಸಿದ ಘಟನೆಗಳಲ್ಲಿ ಇದೊಂದು. ಅದೇ ವಾರಗಳಲ್ಲಿ ಗೌರಿಬಿದನೂರು, ಹಿಂದೂಪುರ ಎರಡೂ ಸೋಂಕಿನ ತಾಣಗಳಾದವು. ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದರು. ಪಾವಗಡಕ್ಕೆ ಹೋಗಬೇಕಾದವರು ತಮ್ಮದೇ ಜಿಲ್ಲೆಯ ತಾಲ್ಲೂಕಿಗೆ ಹೋಗಲು ಇನ್ನೊಂದು ರಾಜ್ಯದ ಪೊಲೀಸರ ಎದುರು ನಿಲ್ಲಬೇಕಾಯಿತು.

2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಓಮಿಕ್ರಾನ್ ತಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವು. ಇಷ್ಟು ಬೇಗ ಗುರುತಿಸಲು ಆಗಿದ್ದು ಆಫ್ರಿಕಾದ ವಿಜ್ಞಾನಿಗಳು ಹುರುಪಿನಿಂದ ಮಾಹಿತಿ ಹಂಚಿಕೊಂಡದ್ದರಿಂದ. ಅವರ ದೇಶಕ್ಕೆ ಸಿಕ್ಕ ಪ್ರತಿಫಲ ವಿಮಾನ ಸಂಚಾರದ ನಿಷೇಧ. ಸತ್ಯ ಹೇಳಿದವನಿಗೆ ದಂಡ ಹಾಕಿದರೆ ಮುಂದಿನ ಸಲ ಯಾರು ಹೇಳಿಯಾರು ಎಂಬ ಪ್ರಶ್ನೆಯೇ 2025ರ ಒಪ್ಪಂದದ ಮಾತುಕತೆಯಲ್ಲಿ ಗಂಟಲ ಮುಳ್ಳಾಯಿತು: ರೋಗಾಣುವಿನ ಮಾದರಿ ಕೊಟ್ಟ ಬಡ ದೇಶಕ್ಕೆ ಲಸಿಕೆಯಲ್ಲಿ ಪಾಲೆಷ್ಟು? ಒಪ್ಪಂದ ಅಂಗೀಕಾರವಾದಾಗ ಆ ಭಾಗವನ್ನು ಪ್ರತ್ಯೇಕ ಅನುಬಂಧಕ್ಕೆ ಮುಂದೂಡಲಾಯಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಹೋಗುವ ನಿರ್ಧಾರ ಪ್ರಕಟಿಸಿತ್ತು.

ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಜಿನೀವಾದ ಜಗಳ ಬಗೆಹರಿಯುವವರೆಗೆ ಕಾಯಬೇಕಾದ್ದೇನೂ ಇಲ್ಲ. ಪಾವಗಡದ ವರದಿ ತುಮಕೂರು, ಬೆಂಗಳೂರು ಹಾದು ದೆಹಲಿಗೆ ಹೋಗುತ್ತದೆ. ಮಡಕಶಿರಾದ್ದು ಪುಟ್ಟಪರ್ತಿ, ಅಮರಾವತಿ ಹಾದು ಅದೇ ದೆಹಲಿಗೆ. ಒಂದೇ ಸಂತೆಗೆ ಬರುವ ಜನರ ಜ್ವರದ ಲೆಕ್ಕ ಸಾವಿರಾರು ಕಿಲೋಮೀಟರ್ ದೂರದಲ್ಲಿ ಒಂದಾಗುವ ಬದಲು, ತುಮಕೂರು, ಶ್ರೀ ಸತ್ಯಸಾಯಿ, ಅನಂತಪುರ ಜಿಲ್ಲೆಗಳ ಸರ್ವೇಕ್ಷಣಾಧಿಕಾರಿಗಳು ಗಡಿ ತಾಲ್ಲೂಕುಗಳ ವಾರದ ಅಂಕಿಗಳನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವ ಕಾಯಂ ಏರ್ಪಾಡನ್ನು ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಮಾಡಬೇಕು.